ಪಟ್ಟಿಯಲ್ಲಿಲ್ಲದ ರಾತ್ರಿ

ನನ್ನ ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ಕೋಷ್ಟಕವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅದರಲ್ಲಿ ಒಂದರ ಕೆಳಗೊಂದು ಬರುತ್ತವೆ. ನಾಲ್ಕಕ್ಕೂ ಹಿಂದುಳಿದ ತಾಲ್ಲೂಕು ಎಂಬ ಹಣೆಪಟ್ಟಿ. ಅದನ್ನು ಕೊಟ್ಟದ್ದು 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. ಇಡೀ ರಾಜ್ಯದಲ್ಲಿ ಇಂಥ 114 ತಾಲ್ಲೂಕುಗಳನ್ನು ಅದು ಗುರುತಿಸಿತ್ತು. ನಾನಾಗ ಸಿಂದಗಿ ತಾಲ್ಲೂಕಿನ ನಮ್ಮೂರ ಅಂಗನವಾಡಿಯಲ್ಲಿದ್ದೆ.

ಅಳತೆಗೆ ಸಮಿತಿ ಬಳಸಿದ್ದು 35 ಸೂಚಕಗಳನ್ನು. ಆರೋಗ್ಯಕ್ಕೆ ಸಂಬಂಧಿಸಿದಂತೆ ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು, ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟು ಹಾಸಿಗೆ ಎಂದು ಅದು ಲೆಕ್ಕ ಹಾಕಿತು. ಓದುವಾಗ ನ್ಯಾಯವಾದ ಲೆಕ್ಕವೆಂದೇ ಅನ್ನಿಸಿತ್ತು.

ಮೂರು ವರ್ಷದ ಹಿಂದೆ ಒಂದು ರಾತ್ರಿ ಹನ್ನೊಂದಕ್ಕೆ ಅಕ್ಕನಿಗೆ ಬ್ಯಾನಿ ಸುರುವಾಯಿತು. ಆಶಾ ಅಕ್ಕ ತಾಯಿ ಕಾರ್ಡು ಹಿಡಿದು ಓಡಿ ಬಂದಳು. 108 ಕೂಡ ಬಂತು. ಆಸ್ಪತ್ರೆಯಲ್ಲಿ ಹಾಸಿಗೆಯೂ ಖಾಲಿ ಇತ್ತು. ನರ್ಸ್ ಮಾತ್ರ ತಲೆ ತಗ್ಗಿಸಿ, "ಸಿಜೇರಿಯನ್ ಮಾಡಬೇಕ್ರಿ, ಅನಸ್ತೇಶಿಯಾ ಡಾಕ್ಟರ್ ಇಲ್ರಿ. ಬಿಜಾಪುರಕ್ಕ ಒಯ್ರಿ" ಅಂದಳು.

ಕೂಸು ಉಳಿಯಲಿಲ್ಲ. ಅಕ್ಕ ಉಳಿದಳು. ಒಂದು ತಾಸು ಮೊದಲೇ ಆಪರೇಷನ್ ಆಗಿದ್ದರೆ ಏನಾಗುತ್ತಿತ್ತೋ, ಹೇಳಲಾರೆ.

ಬಹಳ ದಿನ ನನ್ನ ಸಿಟ್ಟು ನಕ್ಷೆಯ ಮೇಲಿತ್ತು. ಭೀಮೆಯ ಆಚೆಯ ಅಫಜಲಪುರ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಾಗಾಗಿ 2013ರಲ್ಲಿ ಜಾರಿಗೆ ಬಂದ 371(ಜೆ) ಅದಕ್ಕೆ ಸಿಕ್ಕಿತು. ನಾವು ಮುಂಬೈ ಪ್ರಾಂತ್ಯದವರು, ನಮಗಿಲ್ಲ. ಇದನ್ನು ಆ ಕಡೆಯ ಗೆಳತಿಗೆ ಹೇಳಿದರೆ ಅವಳು ನಕ್ಕಳು: "ನಮ್ಮ ಕಡೀನೂ ರಾತ್ರಿ ಡಾಕ್ಟರ್‌ನ ಹುಡುಕಬೇಕವಾ."

ಆಗ ಹೊಳೆಯಿತು: ಹಣೆಪಟ್ಟಿಯ ಹಿಂದೆ ಅನುದಾನ ಬರುತ್ತದೆ, ಅನುದಾನದಿಂದ ಕಟ್ಟಡ ಏಳುತ್ತದೆ. ಸಿಜೇರಿಯನ್‌ಗೆ ಮಾತ್ರ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ರಕ್ತ ಮೂರೂ ಒಂದೇ ಹೊತ್ತಿಗೆ, ಒಂದೇ ಸೂರಿನಡಿ ಇರಬೇಕು. ಒಬ್ಬರನ್ನು ನೇಮಿಸಿ ಇನ್ನೊಬ್ಬರ ಹುದ್ದೆ ಖಾಲಿ ಬಿಟ್ಟರೆ ನೇಮಕವಾದವರೂ ನಿರುಪಯೋಗಿ. ತಜ್ಞರನ್ನು ತಂಡವಾಗಿ ನೇಮಿಸುವುದು, ಅವರಿಗೆ ಊರಲ್ಲೇ ಒಳ್ಳೆಯ ಮನೆ ಕೊಡುವುದು, ರಾತ್ರಿ ಪಾಳಿಯಲ್ಲಿ ಯಾರಿದ್ದಾರೆಂದು ಬಾಗಿಲಲ್ಲೇ ಬರೆದು ಹಾಕುವುದು ಸರ್ಕಾರ ಮಾಡಬಹುದಾದ ಕೆಲಸಗಳೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆಶಾ ಅಕ್ಕನಿಗೆ ಕೋಷ್ಟಕ ತೋರಿಸಿದೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿ ಕೇಳಿದಳು:

"ಇದರಾಗ ರಾತ್ರಿ ಎಣಿಸ್ಯಾರೇನ್ ತಂಗಿ?"

ಉತ್ತರ ಬರಲಿಲ್ಲ. ಕೋಷ್ಟಕಕ್ಕೆ ಈಗ ಹೊಸ ಅಂಕಣವೊಂದನ್ನು ಸೇರಿಸಿದ್ದೇನೆ: ರಾತ್ರಿ ಹನ್ನೊಂದರ ನಂತರ ಯಾರಿದ್ದಾರೆ? ನಾಲ್ಕೂ ತಾಲ್ಲೂಕುಗಳ ಮುಂದೆ ಅದು ಖಾಲಿ ಇದೆ. ಸ್ವತಃ ಹೋಗಿ ನೋಡಿ ತುಂಬಬೇಕು. ಬರುವ ರವಿವಾರ ಸಿಂದಗಿಯಿಂದ ಸುರು. ಜೋಡಿಗೆ ತಾನೂ ಬರುತ್ತೇನೆ ಅಂದಿದ್ದಾಳೆ ಅಕ್ಕ.