ಬಾಯಮ್ಮನ ಗಂಜಿ

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲ್ಯಾಣದಿಂದ ಊರ ಕಡೆ ಹೊರಟರೆ, ಪುಣೆ ದಾಟಿದ ಮೇಲೆ ಕೇಡಗಾಂವ್ ಅಂತ ಒಂದು ಸಣ್ಣ ಸ್ಟೇಷನ್ ಹಿಂದೆ ಸರಿಯುತ್ತದೆ. ಆಗೆಲ್ಲ ನನಗೆ ನಮ್ಮ ಅಮ್ಮನ ನೆನಪು. ಯಾಕೆ ಅಂತೀರಾ? ಹೇಳ್ತೇನೆ ಕೇಳಿ.

ನಮ್ಮದು ಕಾರ್ಕಳದ ಕಡೆ. ಪಂಡಿತಾ ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಅಲ್ಲೇ ಹತ್ತಿರದ ಮಾಳದವರು. "ಅಷ್ಟು ಸಂಸ್ಕೃತ ಓದಿ ಕಿರಿಸ್ತಾನಳಾದಳಂತೆ" ಎಂದು ಅಮ್ಮ ಮುಖ ಸಿಂಡರಿಸುತ್ತಿದ್ದರು. ಕಲ್ಯಾಣದ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಮಂಗಳೂರಿನ ಬಾಯಮ್ಮ ಇದ್ದರು, ನರ್ಸ್ ಕೆಲಸ. ಹದಿನೈದು ವರ್ಷ ಅವರು ನಮ್ಮ ಹೊಸ್ತಿಲ ಹೊರಗೇ ನಿಂತು ಮಾತಾಡಿ ಹೋದವರು. ಒಳಗೆ ಬನ್ನಿ ಅಂತ ಅಮ್ಮ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಲೋಕಲ್ ನಿಂತಿತ್ತು, ಫೋನ್ ಸತ್ತಿತ್ತು, ನಾನು ಫೋರ್ಟ್‌ನ ಆಫೀಸಿನಲ್ಲಿ. ಮರುದಿನ ಅಷ್ಟು ದೂರ ನಡೆದೂ, ಲಾರಿ ಹತ್ತಿಯೂ ಮನೆ ಮುಟ್ಟಿದಾಗ ನೆಲಮಾಳಿಗೆಯ ನಮ್ಮ ಮನೆಯಲ್ಲಿ ಸೊಂಟದ ಮಟ್ಟ ಕೆಸರುನೀರಿನ ಗುರುತು. ಒಳಗೆ ಯಾರೂ ಇಲ್ಲ! ಎದೆ ಧಸಕ್ಕೆಂದಿತು.

ಮೇಲೆ ಹೋಗಿ ನೋಡಿದರೆ ಬಾಯಮ್ಮನ ಮನೆ ತುಂಬ ಜನ, ಐದು ಸಂಸಾರ. ಗೋಡೆಯ ಮೇಲೆ ಏಸುವಿನ ಪಟ, ಅದರ ಕೆಳಗೆ ಕುಳಿತು ಅಮ್ಮ ಗಂಜಿ ಉಣ್ಣುತ್ತಿದ್ದರು. ಬಾಯಮ್ಮ ಮತ್ತು ಅವರ ಮಗ ಸೇರಿ ಅವರನ್ನು ಕುರ್ಚಿ ಸಮೇತ ಎತ್ತಿ ತಂದಿದ್ದರಂತೆ. "ಮಡಿ ನೀರಲ್ಲಿ ಹೋಯ್ತು ಮಗಾ, ಜೀವ ಉಳೀತು" ಅಂದರು ಅಮ್ಮ.

ನಾನು ಉಪಕಾರ ಅದು ಇದು ಅಂತ ತಡವರಿಸಿದೆ. ಬಾಯಮ್ಮ, "ಎಂತ ಉಪಕಾರ ಮಾರಾಯ್ರೇ? ಅಮ್ಮನವರಿಗೆ ಹಸಿವಾಗಿತ್ತು, ನಮ್ಮಲ್ಲಿ ಗಂಜಿ ಇತ್ತು" ಅಂದರು. ನೀರಿಳಿದ ಮೇಲೆ ಇಲಿಜ್ವರದ ಭಯವಿದ್ದರೂ ಹತ್ತಿರದ ಝೋಪಡಿಗಳಿಗೆ ಹೋಗಿ ಗಾಯ ತೊಳೆದು ಬರುತ್ತಿದ್ದರು. ಏಸುವಿನ ಮಾತು ಒಂದು ದಿನವೂ ನಮ್ಮೆದುರು ಎತ್ತಲಿಲ್ಲ.

ಆಮೇಲೆಯೇ ನಾನು ರಮಾಬಾಯಿಯ ಬಗ್ಗೆ ಓದಿದ್ದು. 1858ರಲ್ಲಿ ಹುಟ್ಟಿದ ಆಕೆ 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳಕೊಂಡಿದ್ದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1896-97ರ ಬರ ಬಂದಾಗ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. 1900ರ ಹೊತ್ತಿಗೆ ಕೇಡಗಾಂವಿನ ಅವರ ಮುಕ್ತಿ ಆಶ್ರಮದಲ್ಲಿ ಸುಮಾರು 1,500 ಜನ. ನೇಯ್ಗೆ, ಬೇಸಾಯ, ಅಚ್ಚುಕೆಲಸ ಎಲ್ಲ ಕಲಿಸಿದರು. ಮತಾಂತರದ ಬಗ್ಗೆ ಅಂದೂ ಜಗಳವಿತ್ತು, ಇಂದೂ ಇದೆ. ಆದರೆ ತಾನು ಹಸಿದಿದ್ದನ್ನು ಮರೆಯದವಳು ಆಕೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇದನ್ನೆಲ್ಲ ಓದಿ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಪಾಪ, ನಮ್ಮೂರ ಹುಡುಗಿ" ಅಂದರು.

2011ರಲ್ಲಿ ಅಮ್ಮ ತೀರಿಕೊಂಡರು. ತುಳಸಿ ನೀರು ನಾನೇ ಬಿಟ್ಟೆ. ಕೈ ಹಿಡಿದು ಪಕ್ಕದಲ್ಲಿ ಕೂತಿದ್ದವರು ಬಾಯಮ್ಮ. ಒಳಗೆ, ಅಮ್ಮನ ಮಂಚದ ಮೇಲೆ.