ಕಂಚಿಗೆ ಓದಲು ಹೊರಟವನ ಊರಿನಲ್ಲಿ

ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳಿವೆ. ಹೆಜ್ಜೆಹೆಜ್ಜೆಗೂ ಕೆರೆ, ಕೆರೆಯ ಕೆಳಗೆ ಗದ್ದೆ, ಗದ್ದೆಯಂಚಿಗೆ ಅಡಿಕೆಯ ತೋಟ. ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಇರುವುದು ಈ ಮಣ್ಣಿನಲ್ಲಿಯೇ. ದರ್ಶನಾರ್ಥಿಯಾಗಿ ಈ ಸ್ಥಳಗಳಿಗೆ ಹಲವು ಸಲ ಹೋಗಿದ್ದೇನೆ. ಕಳೆದ ಆಷಾಢದಲ್ಲಿ ಹೋದದ್ದು ಮಾತ್ರ ಮನೆಯ ಒಂದು ಸಮಸ್ಯೆಯನ್ನು ಹೊತ್ತುಕೊಂಡು.

ನನ್ನ ತಮ್ಮನ ಮಗಳಿಗೆ ದೆಹಲಿಯಲ್ಲಿ ಪದವಿ ವ್ಯಾಸಂಗಕ್ಕೆ ಸ್ಥಾನ ದೊರೆತಿತ್ತು. ದೇಶದೇಶಗಳ ನಡುವಿನ ಸಂಬಂಧಗಳನ್ನು ಅಭ್ಯಸಿಸಬೇಕೆಂಬುದು ಅವಳ ಹಂಬಲ. ಶುಲ್ಕ ಕಟ್ಟಲು ಉಳಿದಿದ್ದುದು ಮೂರೇ ದಿನ. "ಶಿವಮೊಗ್ಗದಲ್ಲಿ ಕಾಲೇಜುಗಳಿಲ್ಲವೇ?" ಎಂದು ತಮ್ಮ ಕೇಳಿದ. "ಪರದೇಶದವರ ಜಗಳ ಓದಿ ನಮ್ಮ ಹುಡುಗಿಗೆ ಏನಾಗಬೇಕು?" ಎಂಬುದು ನಮ್ಮ ತಾಯಿಯವರ ಪ್ರಶ್ನೆ. ತಂದೆಯವರು ಏನೂ ಹೇಳಲಿಲ್ಲ. ಮರುದಿನ ಬೆಳಗಿನ ಪೂಜೆ ಮುಗಿಸಿದವರೇ, "ಸೊರಬದ ಬೀಗರ ಮನೆಗೆ ಹೋಗಿಬರೋಣ. ದಾರಿಯಲ್ಲಿ ತಾಳಗುಂದವನ್ನೂ ಬಳ್ಳಿಗಾವೆಯನ್ನೂ ನೋಡೋಣ. ಮಗುವೂ ಬರಲಿ" ಎಂದರು.

ಶಿಕಾರಿಪುರ ಬಿಟ್ಟಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭ ನಿಂತಿದೆ. ಅದರ ಮೇಲಿನ ಸಂಸ್ಕೃತ ಶಾಸನವನ್ನು ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದನು. ಈ ಊರಿನ ಮಯೂರಶರ್ಮನು ಗುರು ವೀರಶರ್ಮನೊಡನೆ ಉನ್ನತ ವಿದ್ಯೆಗಾಗಿ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕಾಸ್ಥಾನವನ್ನು ಸೇರಿದ ಸಂಗತಿ ಅದರಲ್ಲಿದೆ. ಆ ವೀರಶರ್ಮನು ಮಯೂರನ ಅಜ್ಜನೇ ಎಂದು ವಿದ್ವಾಂಸರು ಹೇಳುತ್ತಾರೆ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಕಲಹವಾಯಿತು. ಅವಮಾನಿತನಾದ ಮಯೂರನು ದರ್ಭೆ ಹಿಡಿದ ಕೈಯಲ್ಲಿ ಶಸ್ತ್ರ ಹಿಡಿದು ಶ್ರೀಪರ್ವತದ ಕಾಡುಗಳನ್ನು ಸೇರಿದನು. ಕದಂಬ ರಾಜ್ಯದ ಉದಯವನ್ನು ಸುಮಾರು ಕ್ರಿ.ಶ. 345 ಎಂದು ಹೇಳುವುದು ವಾಡಿಕೆ.

ಕತೆಯನ್ನು ನಾವೆಲ್ಲರೂ ಇಲ್ಲಿಗೇ ನಿಲ್ಲಿಸುತ್ತೇವೆ. ಹುಡುಗಿ ಮಾತ್ರ ನಿಲ್ಲಿಸಲಿಲ್ಲ. "ಅಜ್ಜ, ಯುದ್ಧ ಹೇಗೆ ಮುಗಿಯಿತು ಎಂಬುದೇ ಮುಖ್ಯ. ಇವನನ್ನು ಸೋಲಿಸುವುದಕ್ಕಿಂತ ಸ್ನೇಹ ಮಾಡಿಕೊಳ್ಳುವುದೇ ಲೇಸೆಂದು ಪಲ್ಲವರು ತಿಳಿದರು. ಪಶ್ಚಿಮ ಸಮುದ್ರದಿಂದ ಆರಂಭವಾಗುವ ನಾಡನ್ನು ಅವನಿಗೆ ಒಪ್ಪಿಸಿ ಮನ್ನಣೆ ಕೊಟ್ಟರು. ಅವನ ವಂಶದ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟು ಸಂಬಂಧ ಬೆಳೆಸಿದ. ಹಗೆತನ ಒಪ್ಪಂದವಾಗುವುದು ಹೇಗೆ? ನಾನು ಓದಬೇಕೆಂದಿರುವುದು ಇದನ್ನೇ" ಎಂದಳು. ತಂದೆಯವರು ಕಂಬವನ್ನು ಒಮ್ಮೆ, ಮೊಮ್ಮಗಳನ್ನು ಒಮ್ಮೆ ನೋಡಿದರು.

ಅಲ್ಲಿಂದ ಬಳ್ಳಿಗಾವೆ ಸಮೀಪ. ಕೆರೆಯ ಬದಿಯ ಕೇದಾರೇಶ್ವರನಿಗೆ ವಂದಿಸಿ ಮಂಟಪದಲ್ಲಿ ಕುಳಿತೆವು. ಈ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಶೈವರದು. 1162ರ ಶಾಸನವೊಂದು ಆ ಮಠವನ್ನು ವರ್ಣಿಸಿದೆ. ನಾಲ್ಕು ವೇದಗಳು, ಪಾಣಿನಿ ಮೊದಲಾದವರ ವ್ಯಾಕರಣಗಳು, ಪುರಾಣ, ಕಾವ್ಯ, ನಾಟಕಗಳ ಜೊತೆಗೆ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನಗಳೂ ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದವು. ದೀನರಿಗೆ, ಅಂಧರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ, ಭಯಗೊಂಡವರಿಗೆ ಅಭಯ ದೊರೆಯುತ್ತಿದ್ದವು. ಜೈನ ಮುನಿಗಳಿಗೂ ಅಲ್ಲಿ ಅನ್ನವಿತ್ತು. ಹನ್ನೊಂದನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಬೌದ್ಧವಿಹಾರವೂ ಇದ್ದಿತು. ಶೈವ ಮಠದಲ್ಲಿ ಬೌದ್ಧ ದರ್ಶನದ ಪಾಠ! ಒಪ್ಪದವನ ಮಾತನ್ನೂ ಅವನದೇ ಗ್ರಂಥದಿಂದ ಅರಿಯಬೇಕೆಂಬ ಶಿಸ್ತು ಅದು. ನೆರೆಯ ದೇಶದ ಚರಿತ್ರೆಯನ್ನೂ ಭಾಷೆಯನ್ನೂ ಅಂಜಿಕೆಯನ್ನೂ ಅರಿಯದೆ ಅದರ ಮೇಲೆ ತೀರ್ಪು ಕೊಡುವವರಿಗೆ ಇದಕ್ಕಿಂತ ಮಿಗಿಲಾದ ಪಾಠ ಯಾವುದಿದೆ?

ಶಿರಾಳಕೊಪ್ಪ ದಾಟಿ ಸೊರಬದತ್ತ ಸಾಗುವಾಗ ನಾನು ವ್ಯಾಸಂಗದ ವಿವರ ಕೇಳಿದೆ. ನಮ್ಮ ದೇಶದಲ್ಲಿ ಈ ವಿಷಯಕ್ಕೆ ಮೀಸಲಾದ ಸಂಸ್ಥೆ ಹುಟ್ಟಿದ್ದು 1955ರಲ್ಲಿ, ದೆಹಲಿಯಲ್ಲಿ. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂಗವಾಯಿತು. ಅಲ್ಲಿ ನಡೆಯುವುದು ಮುಖ್ಯವಾಗಿ ಸ್ನಾತಕೋತ್ತರ ವ್ಯಾಸಂಗ ಮತ್ತು ಸಂಶೋಧನೆ. ಪದವಿ ಮಟ್ಟದಲ್ಲಿ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಇದನ್ನು ಪ್ರತ್ಯೇಕವಾಗಿ ಕಲಿಸಿದರೂ, ಬಹುತೇಕ ಕಡೆ ಇದು ರಾಜ್ಯಶಾಸ್ತ್ರದ ಒಂದು ಭಾಗ. ಇವಳು ಆರಿಸಿಕೊಂಡದ್ದೂ ರಾಜ್ಯಶಾಸ್ತ್ರದ ಆನರ್ಸ್ ಪದವಿಯನ್ನೇ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ನಮ್ಮ ಹಳ್ಳಿಗಳ ಎಷ್ಟು ತಂದೆತಾಯಿಗಳಿಗೆ ಈ ಸಂಗತಿ ತಿಳಿದಿದೆ?

"ಮುಂದೆ ಉದ್ಯೋಗ?" ಎಂದು ನಾನೇ ಕೇಳಿದೆ. ವಿದೇಶಾಂಗ ಸೇವೆಗೆ ಯಾವ ಪದವಿಯಾದರೂ ಸರಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಗೆಲ್ಲಬೇಕು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನಿರುಪಮಾ ರಾವ್ ಅವರು 1973ರಲ್ಲಿ ಆ ಸೇವೆಗೆ ಸೇರಿ, 2009ರಿಂದ 2011ರವರೆಗೆ ದೇಶದ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. "ಅಷ್ಟು ಸುಲಭವಲ್ಲ ದೊಡ್ಡಪ್ಪ, ಆಗದೆಯೂ ಹೋಗಬಹುದು. ಆಗ ಪಾಠ ಹೇಳುತ್ತೇನೆ, ಪತ್ರಿಕೆಗೆ ಬರೆಯುತ್ತೇನೆ" ಎಂದಳು. ಆಗದೆ ಹೋಗಬಹುದೆಂದು ಮೊದಲೇ ಒಪ್ಪಿಕೊಂಡ ಆ ಮಾತಿನಿಂದಲೇ ನನಗೆ ಅವಳಲ್ಲಿ ನಂಬಿಕೆ ಬೆಳೆಯಿತು.

ದಂಡಾವತಿ ನದಿಯ ದಡದ ಸೊರಬದಲ್ಲಿ, ಬೀಗರ ಮನೆಯಲ್ಲಿ ಪ್ರಸಾದ ಸ್ವೀಕರಿಸಿದೆವು. ನಿವೃತ್ತ ಶಿಕ್ಷಕರಾದ ಬೀಗರು ಹುಡುಗಿಯ ವಿಷಯ ಕೇಳಿ ಸಂತೋಷಪಟ್ಟರು. "ಈ ಸೀಮೆ ಕೆಳದಿ ಅರಸರ ಆಳ್ವಿಕೆಯಲ್ಲಿತ್ತು, ನೆನಪಿರಲಿ" ಎಂದು ಮಾತು ಆರಂಭಿಸಿದರು. 1623ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದರು. ಆ ತಂಡದೊಡನೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ತಾನು ಕಂಡದ್ದನ್ನೆಲ್ಲ ಬರೆದಿಟ್ಟನು. ನಮ್ಮ ಮಲೆನಾಡಿನ ಮೆಣಸಿಗಾಗಿ ಸಮುದ್ರದಾಚೆಯವರು ಇಲ್ಲಿನ ಆಸ್ಥಾನದ ಬಾಗಿಲಲ್ಲಿ ಕಾಯುತ್ತಿದ್ದ ಕಾಲವದು. ಮುಂದೆ 1689ರಲ್ಲಿ, ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ರಾಣಿ ಚೆನ್ನಮ್ಮಾಜಿ ಆಶ್ರಯವಿತ್ತಳು. ಬಲಿಷ್ಠ ಚಕ್ರವರ್ತಿಯ ಕೋಪಕ್ಕೆ ಗುರಿಯಾಗುವೆನೆಂದು ಬಲ್ಲವಳಾಗಿಯೂ ಶರಣು ಬಂದವನನ್ನು ಕೈಬಿಡಲಿಲ್ಲ. ಮೊಗಲ ಸೇನೆ ಬಂದಾಗ ಎದುರಿಸಿ ನಿಂತಳು. "ಲಿಂಗವಂತ ವರ್ತಕರ ಮನೆಯ ಮಗಳು ಅವಳು. ಪರದೇಶದವರ ಜಗಳ ನಮಗೇಕೆ ಎಂದು ಅವಳು ಕೇಳಲಿಲ್ಲವಲ್ಲ!" ಎಂದು ಬೀಗರು ನಕ್ಕರು.

ಸಂಜೆ ಮನೆಗೆ ಮರಳಿದಾಗ ತಂದೆಯವರು ಎಲ್ಲರನ್ನೂ ಪಡಸಾಲೆಗೆ ಕರೆದರು. "ಮಯೂರ ಕಂಚಿಗೆ ಒಬ್ಬನೇ ಹೋಗಲಿಲ್ಲ, ಅಜ್ಜನೊಡನೆ ಹೋದ. ದೆಹಲಿಯವರೆಗೆ ನಾನು ಹೋಗಿ, ಹಾಸ್ಟೆಲ್ ನೋಡಿ, ಬಿಟ್ಟು ಬರುತ್ತೇನೆ. ನಾಳೆ ಶುಲ್ಕ ಕಟ್ಟು" ಎಂದು ತಮ್ಮನಿಗೆ ಹೇಳಿದರು. ಅವರಿಗೆ ಎಪ್ಪತ್ತೆಂಟು ವರ್ಷ. ಯಾರೂ ಎದುರಾಡಲಿಲ್ಲ. ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿ ಲಿಂಗಪೂಜೆ ತಪ್ಪಿಸಬೇಡವ್ವ" ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ನೋಡಿದರೆ ವಿಭೂತಿಯ ಗಟ್ಟಿ, ಶೇಂಗಾ ಚಟ್ನಿಪುಡಿ, ಒಣರೊಟ್ಟಿಗಳ ಗಂಟು ಸಿದ್ಧವಾಗಿತ್ತು.

ಹುಡುಗಿ ಈಗ ದೆಹಲಿಯಲ್ಲಿ ಓದುತ್ತಿದ್ದಾಳೆ. ಮುಂದೆ ಏನಾಗುವಳೋ ಶಿವನೇ ಬಲ್ಲ. ಆದರೆ ದೂರದ ವಿದ್ಯೆಯನ್ನು ಬಯಸುವ ಮಕ್ಕಳು ನಿಮ್ಮ ಮನೆಯಲ್ಲಿಯೂ ಇದ್ದರೆ, ಬೇಡವೆನ್ನುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಅವರೊಡನೆ ತಾಳಗುಂದಕ್ಕೆ, ಬಳ್ಳಿಗಾವೆಗೆ ಹೋಗಿಬನ್ನಿ. ನೀವು ಅವರಿಗೆ ಕಲ್ಲುಗಳನ್ನು ತೋರಿಸಿ. ಅವರು ಅವುಗಳಲ್ಲಿ ಕಂಡದ್ದನ್ನು ನೀವು ಕೇಳಿ.