ಮೀಟರ್ 12 ಅಂದಿತು, ಬಲ್ಬು ಉರಿಯಲಿಲ್ಲ

ಮಂಚವನ್ನು ಹಾಸಿಗೆ ಸಮೇತ ಮೇಲೆತ್ತಿ ಕೋಲು ಕೊಟ್ಟು ನಿಲ್ಲಿಸಿದ್ದೇವೆ. ಅದರ ಕೆಳಗೇ ಎಂಜಿನ್. ತೊಂಬತ್ತರ ದಶಕದ ಡೀಸೆಲ್ ಮೋಟರ್‌ಹೋಮ್ ಇದು. ಆರು ಸಿಲಿಂಡರಿನ 5.9 ಲೀಟರ್ ಕಮಿನ್ಸ್ ಎಂಜಿನ್ ಹಿಂಬದಿಯಲ್ಲಿದೆ, ಮಲಗುವ ಕೋಣೆಯ ಅಡಿಯಲ್ಲಿ. ಹಲಗೆ ತೆಗೆದ ಕೂಡಲೇ ಡೀಸೆಲ್ಲು, ಹಳೇ ಆಯಿಲ್ಲು, ಕಾದ ರಬ್ಬರಿನ ವಾಸನೆ ಕೋಣೆ ತುಂಬಿತು. ಕಿಟಕಿಯಾಚೆ ಅರಿಜೋನಾದ ಮರುಭೂಮಿ. ಕ್ವಾರ್ಟ್ಸ್‌ಸೈಟ್ ಊರಿಗೆ ಅಂಟಿಕೊಂಡ ಲಾ ಪೋಸಾ ಬಯಲಿನಲ್ಲಿ ಕಣ್ಣು ಹಾಯುವವರೆಗೂ ಜಲ್ಲಿ ನೆಲ, ಅದರ ಮೇಲೆ ಬಿಡಾರ ಹೂಡಿದ ಗಾಡಿಗಳು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಲ್ಲಿ ಪರವಾನಗಿ ಪಡೆದು ತಿಂಗಳುಗಟ್ಟಲೆ ಇರಬಹುದು. ಕರೆಂಟ್ ಕಂಬ ಮಾತ್ರ ಇಲ್ಲ. ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ರಾತ್ರಿ ಕಳೆಯಬೇಕು.

ಭಾವ ಫೀನಿಕ್ಸ್‌ನಿಂದ ಸುಮಾರು 200 ಕಿ.ಮೀ. ಓಡಿಸಿಕೊಂಡು ಬಂದಿದ್ದಾರೆ. ಅಷ್ಟು ದೂರ ಓಡಿದರೂ ಬ್ಯಾಟರಿ ತುಂಬಿಲ್ಲ. ಎಂಜಿನ್ ಓಡುವಾಗಲೂ ಮೀಟರಿನಲ್ಲಿ 12.2. ಇರಬೇಕಾದದ್ದು ಹೆಚ್ಚುಕಡಿಮೆ 14. ಇಂಧನ ಪಂಪು ಪೂರ್ತಿ ಯಾಂತ್ರಿಕವಾದ ಎಂಜಿನ್ ಇದು. ಇಂಧನ ತಡೆಯುವ ಸೊಲೆನಾಯ್ಡ್ ಹಿಡಿದಿಡುವಷ್ಟು ಕರೆಂಟ್ ಇದ್ದರೆ ಸಾಕು, ಚಾರ್ಜಿಂಗ್ ಸತ್ತಿದ್ದರೂ ಓಡುತ್ತಲೇ ಇರುತ್ತದೆ. ಹಾಗಾಗಿಯೇ ತೊಂದರೆ ಇಷ್ಟು ತಡವಾಗಿ ಕಣ್ಣಿಗೆ ಬೀಳುತ್ತದೆ.

"ಆಲ್ಟರ್ನೇಟರ್ ಹೊಸದು ಕಣೋ. ಹಿಂದಿನವರು ಹಾಕಿಸಿದ ಬಿಲ್ಲು ಫೈಲಿನಲ್ಲೇ ಇದೆ," ಅನ್ನುತ್ತಾರೆ ಭಾವ.

ಟಾರ್ಚ್ ಬಿಟ್ಟು ನೋಡುತ್ತೇನೆ. ಮಸಿ ಹಿಡಿದ ಎಂಜಿನ್ನಿನ ಪಕ್ಕ ಆಲ್ಟರ್ನೇಟರ್ ಒಂದೇ ಥಳಥಳ ಹೊಳೆಯುತ್ತಿದೆ. ಅದಕ್ಕೆ ಬಂದು ಸೇರುವ ತಂತಿಗಳೆಲ್ಲ ಗಾಡಿಯಷ್ಟೇ ಹಳೆಯವು. ಇದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಚಾರ್ಜ್ ಆಗದಿದ್ದರೆ ಮೊದಲು ಬಿಚ್ಚುವುದು ಆಲ್ಟರ್ನೇಟರನ್ನು. ನೂರಾರು ಡಾಲರ್ ಸುರಿದ ಮೇಲೆ ಕೊನೆಗೆ ನೋಡುವುದು ತಂತಿಯನ್ನು.

ಎಂಜಿನ್ ಆಫ್. ಮೀಟರಿನ ಕಪ್ಪು ಮೊನೆಯನ್ನು ಎಂಜಿನ್ ಬ್ಲಾಕಿಗೆ, ಕೆಂಪು ಮೊನೆಯನ್ನು ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ ಒತ್ತುತ್ತೇನೆ. ಸೊನ್ನೆ.

"ಕೇಬಲ್ ಕಟ್ ಆಗಿದೆಯಾ?" ಭಾವನ ದನಿಯಲ್ಲಿ ಗಾಬರಿ.

"ಇಲ್ಲ ಭಾವ, ಈ ಗಾಡಿಗೆ ಸೊನ್ನೆಯೇ ಸರಿ."

ಗೋಡೆಯ ಮೇಲೆ ಅಲ್ಯುಮಿನಿಯಂ ರೆಕ್ಕೆಗಳಿರುವ ಡಬ್ಬಿ ತೋರಿಸುತ್ತೇನೆ. ಅದು ಐಸೊಲೇಟರ್. ಅದರೊಳಗಿನ ಡಯೋಡುಗಳು ಆಲ್ಟರ್ನೇಟರಿನ ಕರೆಂಟನ್ನು ಎಂಜಿನ್ ಬ್ಯಾಟರಿಗೂ ಮನೆ ಬ್ಯಾಟರಿಗೂ ಹಂಚುತ್ತವೆ, ಹಿಂದಕ್ಕೆ ಹರಿಯಗೊಡುವುದಿಲ್ಲ. ಕಾರಿನಲ್ಲಾದರೆ ಆ ಬೋಲ್ಟಿನಲ್ಲಿ ಬ್ಯಾಟರಿಯ ವೋಲ್ಟೇಜ್ ಸದಾ ಇರುತ್ತದೆ. ಇಲ್ಲಿ ಇಲ್ಲ. ಹಾಗಾದರೆ ಆಲ್ಟರ್ನೇಟರಿನ ಒಳಗಿನ ಕಾಯಿಲಿಗೆ ಮೊದಲ ಕರೆಂಟ್ ಬರುವುದು ಎಲ್ಲಿಂದ? ಕೀಲಿ ತಿರುಗಿಸಿದಾಗ ಬರುವ ಒಂದು ಸಣ್ಣ ತಂತಿಯಿಂದ. ಅದು ಬರದಿದ್ದರೆ ಆಲ್ಟರ್ನೇಟರ್ ಎಷ್ಟು ಹೊಸದಾಗಿದ್ದರೂ ಬೆಲ್ಟಿನ ಜೊತೆ ಸುಮ್ಮನೆ ಸುತ್ತುತ್ತದೆ.

ಆ ತಂತಿಯನ್ನು ಬಿಚ್ಚಿ, ಕೀಲಿ ಆನ್ ಮಾಡಲು ಹೇಳುತ್ತೇನೆ. ಮೀಟರ್ ತೋರಿಸುತ್ತದೆ: 12.2.

"ತಂತಿ ಸರಿಯಾಗೇ ಇದೆಯಲ್ಲ," ಅನ್ನುತ್ತಾರೆ ಭಾವ.

ಬಹಳ ಜನ ಇಲ್ಲೇ ಮೀಟರ್ ಮುಚ್ಚಿಟ್ಟು ಹೊಸ ಆಲ್ಟರ್ನೇಟರಿಗೆ ಆರ್ಡರ್ ಹಾಕುತ್ತಾರೆ. ಡಿಜಿಟಲ್ ಮೀಟರ್ ತಂತಿಯಿಂದ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲಸ ಕೊಡದೆ ಕೇಳಿದರೆ ಕೊಳೆತ ತಂತಿಯೂ 12 ಅನ್ನುತ್ತದೆ. ಚೀಲದಿಂದ ನನ್ನ ಟೆಸ್ಟ್ ಲ್ಯಾಂಪ್ ತೆಗೆಯುತ್ತೇನೆ: 21 ವ್ಯಾಟಿನ ಇಂಡಿಕೇಟರ್ ಬಲ್ಬು, ಹೋಲ್ಡರು, ಎರಡು ವೈರು. ನಮ್ಮ ಕಡೆ ಹೆದ್ದಾರಿ ಬದಿಯ ಆಟೋ ಎಲೆಕ್ಟ್ರಿಷಿಯನ್ ಲಾರಿ ಕೆಳಗೆ ನುಸುಳುವಾಗ ಕೈಯಲ್ಲಿ ಹಿಡಿದಿರುತ್ತಾನಲ್ಲ, ಅಂಥದ್ದೇ. ಒಂದು ವೈರು ಬ್ಲಾಕಿಗೆ, ಇನ್ನೊಂದು ತಂತಿಯ ತುದಿಗೆ. ಬಲ್ಬು ಉರಿಯುವುದಿಲ್ಲ. ಬಲ್ಬು ಹಾಗೇ ಇರುವಾಗ ಮೀಟರ್ ಇಡುತ್ತೇನೆ: 12.2 ಇದ್ದದ್ದು ಒಂದು ವೋಲ್ಟಿಗಿಂತ ಕೆಳಗೆ ಬಿದ್ದಿದೆ.

ಭಾವ ಬಾಗಿ ಅಂಕೆಯನ್ನೇ ನೋಡುತ್ತಾರೆ.

ಕೀಲಿ ಆಫ್. ಆ ತಂತಿಯ ಬದಲು, ಫ್ಯೂಸ್ ಇರುವ ಬೇರೊಂದು ವೈರನ್ನು ಎಂಜಿನ್ ಬ್ಯಾಟರಿಯಿಂದ ನೇರ ಆಲ್ಟರ್ನೇಟರಿಗೆ ಕೊಡುತ್ತೇನೆ. ಎಲ್ಲ ವೈರೂ ಬೆಲ್ಟಿನಿಂದ ದೂರ, ಕೈಗಡಿಯಾರ ಜೇಬಿನಲ್ಲಿ. "ಸ್ಟಾರ್ಟ್ ಮಾಡಿ ಭಾವ." ಮಂಚ ಎತ್ತಿದ ಕೋಣೆಯಲ್ಲಿ ಆ ಎಂಜಿನ್ನಿನ ಸದ್ದು ಎದೆಗೇ ಬಡಿಯುತ್ತದೆ. ಮರುಗಳಿಗೆಯಲ್ಲಿ ಅದರ ದನಿ ಕೊಂಚ ತಗ್ಗುತ್ತದೆ. ಬೆಲ್ಟಿನ ಮೇಲೆ ಭಾರ ಬಿತ್ತು. ಆಲ್ಟರ್ನೇಟರ್ ಬೋಲ್ಟಿನಲ್ಲಿ 14.8, ಬ್ಯಾಟರಿಯಲ್ಲಿ 14.1. ನಡುವಿನ 0.7 ಡಯೋಡಿನ ಪಾಲು.

"ಬ್ಯಾಟರಿ ವೈರ್ ಕಿತ್ತು ನೋಡೋಣವೇ? ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಅಂತಾರಲ್ಲ?"

"ಬೇಡವೇ ಬೇಡ ಭಾವ." ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಕಿತ್ತರೆ ವೋಲ್ಟೇಜ್ ಗಕ್ಕನೆ ಮೇಲೇರಿ ಡಯೋಡು, ರೆಗ್ಯುಲೇಟರ್ ಸುಟ್ಟುಹೋಗಬಹುದು.

ಈಗ ಉಳಿದದ್ದು ತಂತಿಯ ಜಾಡು ಹಿಡಿಯುವ ಕೆಲಸ. ಜಲ್ಲಿಯ ಮೇಲೆ ರಟ್ಟು ಹಾಸಿ ಹಿಂಬದಿಯಿಂದ ನುಸುಳುತ್ತೇನೆ. ತಂತಿಯ ಮೈಮೇಲೆ ತಯಾರಕರು ಅಚ್ಚು ಹಾಕಿದ ನಂಬರ್ ಇದೆ. ಧೂಳು ಒರೆಸುತ್ತ, ನಂಬರ್ ಓದುತ್ತ, ಗೇಣುಗೇಣಿಗೂ ಬಗ್ಗಿಸಿ ನೋಡುತ್ತ ಹೋಗುತ್ತೇನೆ. ಒಳ್ಳೆಯ ತಂತಿ ದುಂಡಗೆ ಬಗ್ಗುತ್ತದೆ. ಚಾಸಿಗೆ ಬಿಗಿದ ಕ್ಲಾಂಪಿನ ಬಳಿ ಬಂದಾಗ ಅದು ಮೂಲೆ ಮುರಿದಂತೆ ಮಡಚಿಕೊಳ್ಳುತ್ತದೆ. ಕ್ಲಾಂಪಿನ ರಬ್ಬರ್ ಎಂದೋ ಉದುರಿದೆ, ಕಬ್ಬಿಣ ಪ್ಲಾಸ್ಟಿಕ್ಕನ್ನು ತಿಂದಿದೆ. ಬ್ಲೇಡಿನಿಂದ ಸೀಳುತ್ತೇನೆ. ತಾಮ್ರದ ಎಳೆಗಳಿರಬೇಕಾದ ಕಡೆ ಹಸಿರು ಪುಡಿ. ಉಗುರು ತಾಗಿಸಿದರೆ ಉದುರುತ್ತದೆ. ಮೀಟರಿಗೆ 12 ತೋರಿಸಿದ್ದು ಈ ಪುಡಿಯೇ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ತಾಮ್ರ ಕೆಂಪಗೆ ಕಾಣುವವರೆಗೆ ಎರಡೂ ಕಡೆ ಕತ್ತರಿಸಿ, ಹೊಸ ತುಂಡು ಕೊಟ್ಟು ಕ್ರಿಂಪ್ ಮಾಡುತ್ತೇನೆ. ಅದರ ಮೇಲೆ, ಒಳಮೈಗೆ ಅಂಟು ಸವರಿದ ಶ್ರಿಂಕ್ ಟ್ಯೂಬ್. ಹುರಿ ಹಾಕಿ ಟೇಪ್ ಸುತ್ತಿದರೆ ಈ ಬಿಸಿಲಿಗೆ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ. ಕ್ಲಾಂಪಿಗೆ ಹೊಸ ರಬ್ಬರ್.

ಮತ್ತೆ ಸ್ಟಾರ್ಟ್. ಹೆಡ್‌ಲೈಟು, ಫ್ಯಾನು ಎಲ್ಲ ಹಾಕಿಸುತ್ತೇನೆ. ಬ್ಯಾಟರಿಯಲ್ಲಿ 14.0. ಆಲ್ಟರ್ನೇಟರ್ ಮೈಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದರೆ 0.4 ವೋಲ್ಟ್. 0.2 ದಾಟಬಾರದು. 100 ಆಂಪಿಯರ್ ಹರಿಯುವಾಗ ಇಷ್ಟು ಕಳೆದರೂ 40 ವ್ಯಾಟ್ ಒಂದೇ ಜಾಯಿಂಟಿನಲ್ಲಿ ಬಿಸಿಯಾಗಿ ಹೋಗುತ್ತದೆ.

"ಭಾವ, ಆಫ್ ಮಾಡಿ. ಅರ್ತ್ ಪಟ್ಟಿ ಬಿಚ್ಚಿ ತಿಕ್ಕಬೇಕು. ಉಪ್ಪುಕಾಗದ ಕೊಡಿ."